ಸಂಜೆಯ ಮೂರು ತಾಸು

ಇವತ್ತು ಪದವಿ ಪಡೆದ ಯಾದಗಿರಿ, ಶಹಾಪುರ, ಸುರಪುರದ ಯುವಜನರೇ, ನಿಮ್ಮಲ್ಲಿ ಅನೇಕರು ನಾಳೆ ಬಿ.ಇಡಿ. ಮಾಡುತ್ತೀರಿ, ಅತಿಥಿ ಶಿಕ್ಷಕರಾಗುತ್ತೀರಿ, ನೇಮಕಾತಿ ಪರೀಕ್ಷೆ ಬರೆದು ಕಾಯಂ ಆಗುತ್ತೀರಿ. ಕೆಲವರಾದರೂ ಹೆಣ್ಣುಮಕ್ಕಳ ವಸತಿ ಶಾಲೆಗಳಿಗೆ ಹೋಗುತ್ತೀರಿ. ಶಿಕ್ಷಣದ ಕೆಲಸದಲ್ಲೇ ಆಯುಷ್ಯ ಕಳೆದ ನನ್ನನ್ನು ಕಾಡುವ ಚಿಂತೆ ಈ ಶಾಲೆಗಳದ್ದೇ. ಈ ಮೂರು ತಾಲೂಕುಗಳಲ್ಲಿ ಹೆಣ್ಣುಮಗುವನ್ನು ಶಾಲೆಗೆ ತರಲು, ಅಲ್ಲಿ ಉಳಿಸಿಕೊಳ್ಳಲು ನಾವು ಹೆಣಗಿದ್ದೇವೆ. ಬಂದವಳಿಗೆ ಗಟ್ಟಿಯಾಗಿ ಕಲಿಸುವ ಕೆಲಸ ಮಾತ್ರ ಬಾಕಿ ಉಳಿದಿದೆ. ಅವಳು ಗೆಳತಿಯರ ಜೊತೆ ಬಾಳುವ ಬಾಳನ್ನೇ ಓದಿನ ಬಂಡವಾಳ ಮಾಡಿಕೊಳ್ಳದೆ ಆ ಕೆಲಸ ಆಗದು ಎಂಬುದು ನನ್ನ ವಾದ.

ಮೊದಲು ಒಂದು ಬದಲಾವಣೆಯ ವಿಷಯ ಹೇಳಬೇಕು, ತುಸು ದೀರ್ಘವಾದರೂ ಸಹಿಸಿಕೊಳ್ಳಿ. 2023ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಫಲಿತಾಂಶ ಶೇ. 75.49. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಆ ವರ್ಷದ ಫಲಿತಾಂಶ ಶೇ. 50.59. ಎರಡೂ ವರ್ಷ ರಾಜ್ಯದಲ್ಲಿ ಕಡೆಯ ಸ್ಥಾನ ನಮ್ಮದೇ. 2024ರಲ್ಲಿ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಲಾಗಿತ್ತು, ಅಷ್ಟಾದ ಮೇಲೂ ನಿಂತದ್ದು ಅಲ್ಲಿಗೆ. ಒಂದೇ ವರ್ಷದಲ್ಲಿ ಜಿಲ್ಲೆಯ ಕಾಲುಭಾಗ ಮಕ್ಕಳ ಬುದ್ಧಿ ಮಂಕಾಗುವುದಿಲ್ಲ. ಹಿಂದಿನ ವರ್ಷಗಳಲ್ಲಿ ದೊಡ್ಡವರು ಕೂಡಿ ಅವರಿಗೆ ಕೊಟ್ಟಿದ್ದ ಸುಳ್ಳು ಭರವಸೆ ಆ ವರ್ಷ ಕಳಚಿಬಿತ್ತು. ಕ್ಯಾಮೆರಾ ಮಕ್ಕಳನ್ನು ಹೆದರಿಸಿತು, ಹಳ್ಳಿಯ ಮಕ್ಕಳ ಮೇಲೆ ಇದು ಕ್ರೌರ್ಯ ಎಂದು ವಾದಿಸಿದವರು ಬಹಳ. ಹೆದರಿಕೆಯಿಂದ ಕೆಲವು ಅಂಕ ಹೋಗಿರಬಹುದು, ಒಪ್ಪುತ್ತೇನೆ. ಆದರೆ ಕ್ಯಾಮೆರಾ ಇದ್ದದ್ದು ಉಡುಪಿಯಲ್ಲೂ, ಅಲ್ಲಿ ಅದೇ ವರ್ಷ ಶೇ. 94 ಮಕ್ಕಳು ಪಾಸಾದರು. ಇನ್ನೊಂದು ಅಂಕಿಯನ್ನೂ ಮರೆಯಬೇಡಿ. ಆ ವರ್ಷ ರಾಜ್ಯದಲ್ಲಿ ಹುಡುಗಿಯರು ಶೇ. 81.11, ಹುಡುಗರು ಶೇ. 65.90 ಪಾಸಾಗಿದ್ದಾರೆ. ಹುಡುಗಿಯರಿಗೆ ಓದುವ ಛಲ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಹಾಗಿದ್ದರೆ ಉಡುಪಿಯ ಹುಡುಗಿಗೂ ನಮ್ಮ ಕೆಂಭಾವಿಯ ಹುಡುಗಿಗೂ ನಡುವಿನ ಅಂತರ ಎಲ್ಲಿ ಹುಟ್ಟುತ್ತದೆ?

ಶಾಲೆ ಬಿಟ್ಟ ಮೇಲಿನ ಸಂಜೆಯ ಮೂರು ತಾಸಿನಲ್ಲಿ ಹುಟ್ಟುತ್ತದೆ ಎಂಬುದು ನನ್ನ ಉತ್ತರ. 2011ರ ಜನಗಣತಿಯ ಪ್ರಕಾರ ಉಡುಪಿಯ ಸಾಕ್ಷರತೆ ಶೇ. 86.24, ಯಾದಗಿರಿಯದು ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ನಮ್ಮ ಹೆಂಗಸರ ಸಾಕ್ಷರತೆ ಶೇ. 41.38. ಇವತ್ತು ಹೈಸ್ಕೂಲಿನಲ್ಲಿರುವ ಹುಡುಗಿಯ ತಾಯಿ ಆ ಗಣತಿಯಲ್ಲಿ ಎಣಿಕೆಯಾದವಳು. ಹತ್ತು ತಾಯಂದಿರಲ್ಲಿ ಹೆಚ್ಚುಕಡಿಮೆ ಆರು ಜನಕ್ಕೆ ಮಗಳ ನೋಟುಬುಕ್ಕು ತೆರೆದು ಲೆಕ್ಕ ಸರಿಯೋ ತಪ್ಪೋ ನೋಡಲು ಬರುವುದಿಲ್ಲ. ಇದು ಆ ತಾಯಿಯ ತಪ್ಪಲ್ಲ. ನಿಜಾಮರ ಕಾಲದಿಂದ ನಡೆದುಬಂದ ಉಪೇಕ್ಷೆಯ ಫಲ. 2002ರಲ್ಲಿ ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ ಈ ಮೂರೂ ತಾಲೂಕುಗಳನ್ನು ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತು. ಬೇರೆ ಕಡೆ ಮನೆಯೇ ಎರಡನೇ ಶಾಲೆಯಾಗಿ ಕೆಲಸ ಮಾಡುತ್ತದೆ: ಅಪ್ಪ ಮಗ್ಗಿ ಕೇಳುತ್ತಾನೆ, ಅಕ್ಕ ಪ್ರಬಂಧ ತಿದ್ದುತ್ತಾಳೆ, ದುಡ್ಡಿದ್ದರೆ ಟ್ಯೂಷನ್ನು. ಇಲ್ಲಿ ಹುಡುಗಿ ಮನೆಗೆ ಬಂದರೆ ತಮ್ಮನನ್ನು ಎತ್ತಿಕೊಳ್ಳಬೇಕು, ರೊಟ್ಟಿ ಬಡಿಯಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆಯೇ ತಪ್ಪುತ್ತದೆ, ಮನೆಯವರು ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋದರೆ ಊರೇ ತಪ್ಪುತ್ತದೆ. ಈ ಕಾರಣಕ್ಕೇ ವಸತಿ ಶಾಲೆ ಬೇಕಾಯಿತು.

ಗ್ರಾಮೀಣ ಮಹಿಳಾ ಸಾಕ್ಷರತೆ ರಾಷ್ಟ್ರೀಯ ಸರಾಸರಿಗಿಂತ ಕೆಳಗಿದ್ದ ತಾಲೂಕುಗಳಿಗೆಂದು ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆ ಬಂದದ್ದು 2004ರಲ್ಲಿ. ಮುಕ್ಕಾಲು ಪಾಲು ಸೀಟು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಹುಡುಗಿಯರಿಗೆ, ಉಳಿದದ್ದು ಬಡತನ ರೇಖೆಗಿಂತ ಕೆಳಗಿನವರಿಗೆ. 2018ರಿಂದ ಹನ್ನೆರಡನೇ ತರಗತಿವರೆಗೂ ವಿಸ್ತರಿಸಲು ಅವಕಾಶವಾಯಿತು. ರಾಜ್ಯದ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳೂ ಇವೆ. ಇವು ಊಟ ಕೊಟ್ಟವು, ಹಾಸಿಗೆ ಕೊಟ್ಟವು, ಎಷ್ಟೋ ಹುಡುಗಿಯರ ಎಳೆವಯಸ್ಸಿನ ಮದುವೆಯನ್ನು ಮುಂದೂಡಿದವು. ಅಷ್ಟಕ್ಕೇ ನಮ್ಮ ಸಮಾಧಾನವಾಗಿಬಿಟ್ಟಿತು. ಸಂಜೆಯ ಸ್ಟಡಿ ಅವರ್ ಎಂದರೆ ಸಾಲಾಗಿ ಕೂರಿಸಿ, ಬಾಯಿ ಮುಚ್ಚಿಸಿ, ಗೈಡಿನಿಂದ ನಕಲು ಬರೆಸುವುದು ಎಂದಾಯಿತು. ಮೌನವಾಗಿರುವ ಹಾಸ್ಟೆಲ್ ಒಳ್ಳೆಯ ಹಾಸ್ಟೆಲ್ ಎಂದು ವಾರ್ಡನ್ನರನ್ನು ಹೊಗಳಿದೆವು. ಅದೇ ಕೋಣೆಯಲ್ಲಿ ತಾಂಡಾದ ಲಂಬಾಣಿ ಮಾತಾಡುವ ಹುಡುಗಿ, ದಖ್ಖನಿ ಉರ್ದುವಿನ ಹುಡುಗಿ, ಗುರುಮಠಕಲ್ ಕಡೆಯ ತೆಲುಗಿನ ಹುಡುಗಿ, ಸುರಪುರದ ಕನ್ನಡದ ಹುಡುಗಿ ಪಕ್ಕಪಕ್ಕದಲ್ಲಿ ಕೂತಿರುತ್ತಾರೆ. ಒಬ್ಬಳಿಗೆ ಭಿನ್ನರಾಶಿ ಬರುತ್ತದೆ, ಇನ್ನೊಬ್ಬಳಿಗೆ ಬರುವುದಿಲ್ಲ. ಮನೆಯಲ್ಲಿ ಸಿಗದ ಅಕ್ಕ ಇಲ್ಲಿ ಮಗ್ಗುಲಲ್ಲೇ ಇದ್ದಾಳೆ, ಮಾತಾಡಬಾರದು ಎಂಬ ನಿಯಮವೇ ಅಡ್ಡ. ಹತ್ತನೆಯವಳು ಏಳನೆಯವಳ ಲೆಕ್ಕ ತಿದ್ದಿದರೆ ಇಬ್ಬರೂ ಕಲಿಯುತ್ತಾರೆ. ಯಾಕೆ ಹೀಗೆ ಎಂದು ಇನ್ನೊಬ್ಬಳಿಗೆ ವಿವರಿಸಬೇಕಾದಾಗಲೇ ಬಾಯಿಪಾಠದ ಪೊಳ್ಳು ಬಯಲಾಗುವುದು. ಗಟ್ಟಿ ಓದು ಎಂದು ನಾನು ಕರೆಯುವುದು ಈ ವಿವರಿಸುವ ಹೊಣೆಯನ್ನೇ.

ಅಡುಗೆಮನೆ ಪಾಳಿ, ಅಂಗಳ ಗುಡಿಸುವ ಪಾಳಿ, ಹುಡುಗಿಯರ ಮೀನಾ ತಂಡ, ಶಾಲಾ ಸಂಸತ್ತು, ಇವೆಲ್ಲ ಓದುವ ಹೊತ್ತನ್ನು ತಿನ್ನುತ್ತವೆ ಎಂಬ ಆಕ್ಷೇಪವಿದೆ. ಕೆಲಸ ಹೇರುವವರನ್ನು ಕಂಡರೆ ನನಗೂ ಸಿಟ್ಟು. ಅಡುಗೆಯವರಿಲ್ಲವೆಂದು ಮಕ್ಕಳಿಂದ ಮೂರು ಹೊತ್ತು ರೊಟ್ಟಿ ಮಾಡಿಸುವುದು ಅನ್ಯಾಯ. ಆದರೆ ಹಂಚಿಕೊಂಡ ಕೆಲಸದಲ್ಲಿ ಓದೂ ಇರುತ್ತದೆ. ಎಂಬತ್ತು ಹುಡುಗಿಯರ ದಿನಸಿಯ ಲೆಕ್ಕವನ್ನು ಹುಡುಗಿಯರೇ ಬರೆದರೆ ಅದು ಎಂಟನೇ ತರಗತಿಯ ಗಣಿತ. ಬೇಳೆ ಯಾಕೆ ಕಡಿಮೆ ಬಿತ್ತು ಎಂದು ಸಭೆಯಲ್ಲಿ ಎದ್ದು ಕೇಳಿದರೆ ಅದು ಪೌರನೀತಿ. ಇದೇ ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯನ ಮಡದಿ ದುಗ್ಗಳೆ ನೇಕಾರರ ಮನೆಯವಳು, ವಚನಕಾರ್ತಿ. ದುಡಿಮೆ, ಸಂಗ, ವಿಚಾರ ಮೂರೂ ಒಂದೇ ಮನೆಯಲ್ಲಿ ಇರಬಲ್ಲವು ಎಂಬುದು ಈ ನೆಲಕ್ಕೆ ಹೊಸ ಸಂಗತಿಯಲ್ಲ. 1989ರಲ್ಲಿ ಶುರುವಾದ ಮಹಿಳಾ ಸಮಖ್ಯಾ ಯೋಜನೆ ಕೂಡ ಹೆಂಗಸರನ್ನು ಸಂಘದಲ್ಲಿ ಸುತ್ತಲೂ ಕೂರಿಸಿ, ಮೊದಲು ಪ್ರಶ್ನೆ ಕೇಳಲು ಕಲಿಸಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಭಾರವಾದದ್ದು. ಮನೆಯಲ್ಲಿ ಪುಸ್ತಕವೇ ಕಾಣದ ಮಗುವಿನ ಮೇಲೆ ಕಠಿಣ ಓದು ಹೇರಿದರೆ ಆಕೆ ಓಡಿಹೋಗುತ್ತಾಳೆ, ಮೊದಲು ಅವಳು ಉಳಿಯಲಿ ಎನ್ನುತ್ತಾರೆ. ಕರುಣೆಯಿಂದ ಹೇಳುವ ಮಾತು, ಪರಿಣಾಮ ಮಾತ್ರ ಕೆಟ್ಟದ್ದು. ಹತ್ತನೇ ತರಗತಿಗೆ ಬಂದ ಮಗಳು ಬ್ಯಾಂಕಿನ ಒಂದು ಕಾಗದವನ್ನು ಓದಿ ಹೇಳಲಾರಳು ಎಂದು ಗೊತ್ತಾದ ದಿನವೇ ಅಪ್ಪ ವರ ಹುಡುಕಲು ಹೊರಡುತ್ತಾನೆ. ಕಲಿತದ್ದು ಕಣ್ಣಿಗೆ ಕಂಡರೆ ತಾಯಿ ಪಟ್ಟು ಹಿಡಿದು ನಿಲ್ಲುತ್ತಾಳೆ. ಸಂವಿಧಾನದ 371 ಜೆ ವಿಧಿಯಡಿಯಲ್ಲಿ ನಮ್ಮ ಭಾಗದ ಕಾಲೇಜುಗಳ ಶೇ. 70 ಸೀಟು ನಮ್ಮವರಿಗೇ ಮೀಸಲು, ಯಾದಗಿರಿಯಲ್ಲೇ 2022ರಲ್ಲಿ ಮೆಡಿಕಲ್ ಕಾಲೇಜು ಶುರುವಾಗಿದೆ. ಆದರೆ ಏಳನೇ ತರಗತಿಯ ಬೀಜಗಣಿತ ಬಾರದವಳಿಗೆ ಆ ಮೀಸಲಾತಿ ಎಟುಕುವುದಿಲ್ಲ, ಸೀಟು ಪಕ್ಕದ ಜಿಲ್ಲೆಯ ಪೇಟೆಯ ಹುಡುಗನಿಗೆ ಹೋಗುತ್ತದೆ. ಎಲ್ಲ ಹುಡುಗಿಯರನ್ನೂ ಹಾಸ್ಟೆಲಿಗೆ ತರಲಾಗದು ಎಂಬುದೂ ನಿಜ. ಹೆಚ್ಚಿನವರು ಊರ ಶಾಲೆಯಲ್ಲೇ ಇದ್ದಾರೆ. ಅವರಿಗೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರವನ್ನು ಸಂಜೆ ತೆರೆದಿಡಿ, ದೀಪ ಹಾಕಿ, ಮನೆಗೆ ಬಿಟ್ಟುಬರಲು ಇಬ್ಬರು ತಾಯಂದಿರನ್ನು ಒಪ್ಪಿಸಿ.

ಈಗ ನಿಮ್ಮ ಮಾತು. ತರಗತಿಯಲ್ಲಿ ಕೂತು “ಇದು ಪರೀಕ್ಷೆಗೆ ಬರ್ತದೇನ್ರೀ ಸರ್?” ಎಂದು ಕೇಳುತ್ತ ಬೆಳೆದ ಪೀಳಿಗೆ ನಿಮ್ಮದು. ನಿಮ್ಮ ವಿದ್ಯಾರ್ಥಿನಿ ಅದನ್ನೇ ಕೇಳದಂತೆ ನೋಡಿಕೊಳ್ಳಿ. ನೋಟ್ಸ್ ಹೇಳಿ ಬರೆಸಬೇಡಿ, ಇದರಲ್ಲಿ ನಾನು ಯಾವ ರಿಯಾಯಿತಿಯನ್ನೂ ಒಪ್ಪುವವನಲ್ಲ. ಲೈಬ್ರರಿ ಬೀರುವಿನ ಕೀಲಿಯನ್ನು ಹುಡುಗಿಯರ ಕೈಗೇ ಕೊಡಿ. ಪುಸ್ತಕ ಹರಿದರೆ ಹರಿಯಲಿ, ಧೂಳು ತಿಂದು ಹೊಸದಾಗಿಯೇ ಉಳಿದ ಪುಸ್ತಕದಿಂದ ಯಾರಿಗೂ ಲಾಭವಿಲ್ಲ. ಶಾಲೆ ಇರುವ ಊರಲ್ಲೇ ಮನೆ ಮಾಡಿ. ಕಲಬುರಗಿಯಿಂದ ದಿನವೂ ಓಡಾಡುವ ಶಿಕ್ಷಕರಿಗೆ ಮಧ್ಯಾಹ್ನದಿಂದಲೇ ರೈಲಿನ ಚಿಂತೆ, ಸಂಜೆಯ ಮೂರು ತಾಸು ಅವರ ಪಾಲಿಗೆ ಇರುವುದೇ ಇಲ್ಲ. ಫೋನು ದೂರವಿಟ್ಟು ನೀವೂ ದಿನಕ್ಕೆ ಇಪ್ಪತ್ತು ಪುಟ ಓದಿ, ಹುಡುಗಿಯರಿಗೆ ಕಾಣುವಂತೆ ಕೂತು ಓದಿ. ಲಂಬಾಣಿಯಲ್ಲಿ ನೂರರವರೆಗೆ ಎಣಿಸಲು ಕಲಿಯಿರಿ, ಒಂದನೇ ದಿನವೇ ತಾಂಡಾದ ಮಗು ಹತ್ತಿರ ಬರುತ್ತದೆ. ಕಣ್ಣು ಪರೀಕ್ಷೆ ಮಾಡಿಸಿ. ಬೋರ್ಡು ಕಾಣದೆ ದಡ್ಡಿ ಎನಿಸಿಕೊಂಡವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಎಂಟನೇ ತರಗತಿಯಲ್ಲೇ ತಾಯಂದಿರನ್ನು ಕರೆದು, ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳಬಲ್ಲವರು ಯಾರು ಎಂದು ಹೆಸರು ಹಿಡಿದು ಹೇಳಿ. ಆ ಹುಡುಗಿಯರ ಗಣಿತವನ್ನು ಅಂದೇ ಸಂಜೆಯಿಂದ ಶುರು ಮಾಡಿ.