ದುಡಿಯುವವನ ಹೆಸರು

(ಸಂಘದ ವಾರ್ಷಿಕೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯ ಮೇಲೆ ಕನ್ನಡ ಪಂಡಿತರಾದವರು ಕಾವ್ಯವನ್ನೋ ವ್ಯಾಕರಣವನ್ನೋ ಕುರಿತು ಮಾತನಾಡುವುದು ವಾಡಿಕೆ. ನಾವಾದರೋ ಇಂದು ಕಾರಖಾನೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇವೆ. ಇದಕ್ಕೆ ಕಾರಣವುಂಟು. ನಮ್ಮ ಶಾಲೆಗಳಲ್ಲಿ ಓದಿದ ಮಕ್ಕಳಲ್ಲಿ ಬಹುಮಂದಿ ಇಂದು ಸಾಂಗಲಿ ಮಿರಜಗಳ ಕಾರಖಾನೆ, ಆಸ್ಪತ್ರೆ, ಅಡತಿ ಅಂಗಡಿಗಳಲ್ಲಿ ಅನ್ನ ಸಂಪಾದಿಸುತ್ತಿದ್ದಾರೆ. ಅವರು ಅಲ್ಲಿ ನೆಲೆಯೂರುವರೋ, ಬೇಸತ್ತು ಹೊರಬೀಳುವರೋ ಎಂಬುದನ್ನು ಎಷ್ಟೋ ಮನೆಗಳ ಒಲೆಗಳು ನೆಚ್ಚಿಕೊಂಡಿವೆ.

ಕೆಲವು ತಿಂಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕೆಲಸ ಬಿಟ್ಟು ಬಂದು ನಮ್ಮೆದುರು ನಿಂತನು. ಸಂಬಳ ಸಾಲದಾಯಿತೇ ಎಂದು ಕೇಳಿದೆವು. “ಪಗಾರ ಚಲೋ ಇತ್ರಿ, ಗುರುಗಳ. ಆದರ ಎಂಟು ತಿಂಗಳದಾಗ ಒಬ್ಬರೂ ನನ್ನ ಹೆಸರು ಹಿಡದು ಕರೀಲಿಲ್ರಿ. ‘ಏ ಕಾನಡಿ’ ಅಂದ್ರ ಅದು ನಾನು” ಎಂದನು. ಬುದ್ಧಿ ಹೇಳಲು ಬಾಯಿ ತೆರೆದಿದ್ದ ನಾವು ಸುಮ್ಮನಾದೆವು.

ತನ್ನ ಯೋಗ್ಯತೆಗೆ ಬೆಲೆಯಿಲ್ಲವೆಂದು ಕೆಲಸ ಬಿಟ್ಟ ಮತ್ತೊಬ್ಬರ ಕಥೆ ನಮ್ಮ ನೆರೆಯಲ್ಲಿಯೇ ಇದೆ. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, ಅಂದರೆ ಕನ್ನಡ ನೆಲದಲ್ಲಿಯೇ, ಹುಟ್ಟಿದವರು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅವರೂ ನಮ್ಮಂತೆ ಶಿಕ್ಷಕರಾಗಿದ್ದರು. ತಮಗೆ ಸಲ್ಲಬೇಕಾಗಿದ್ದ ಬಡತಿಯು ಆಂಗ್ಲೋ-ಇಂಡಿಯನ್ನರೊಬ್ಬರ ಪಾಲಾದಾಗ ಅವರು ಆ ನೌಕರಿಯನ್ನು ತೊರೆದರು. ಬೆಳಗಾವಿಯಲ್ಲಿ 1888ರಲ್ಲಿ ಆರಂಭವಾಗಿದ್ದ ಸೈಕಲ್ ಅಂಗಡಿಯಿಂದ ಮುಂದುವರಿದು ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳನ್ನು ಮಾಡಿದರು. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುವುದೆಂದು ಒಕ್ಕಲಿಗರು ಹೆದರುತ್ತಿದ್ದ ಕಾಲವದು. ನೇಗಿಲು ಮಾರಾಟವಾಗಲು ಬಹಳ ತಾಳ್ಮೆ ಬೇಕಾಯಿತು. ಮುಂದೆ ಬೆಳಗಾವಿಯ ಜಾಗವನ್ನೂ ತೆರವು ಮಾಡಬೇಕಾಗಿ ಬಂದಾಗ, ಔಂಧ ಸಂಸ್ಥಾನದ ಅರಸರು ಕುಂಡಲ ರೋಡ ಸ್ಟೇಶನ್ನಿನ ಬಳಿ 32 ಎಕರೆ ಬರಡು ಭೂಮಿಯನ್ನೂ ಸಾಲವಾಗಿ ಹಣವನ್ನೂ ಕೊಟ್ಟರು. 1910ರಲ್ಲಿ ಅಲ್ಲಿ ನಿಂತುದೇ ಕಿರ್ಲೋಸ್ಕರವಾಡಿ. ಮಿರಜಿನಿಂದ ಪುಣೆಗೆ ಹೋಗುವ ರೈಲಿನಲ್ಲಿ ಭಿಲವಡಿಯನ್ನು ದಾಟಿದರೆ ಇಂದಿಗೂ ಆ ಹೆಸರಿನ ಸ್ಟೇಶನ್ನನ್ನು ಕಾಣಬಹುದು. ಕಾರಖಾನೆಯಲ್ಲಿ ಇಂದಿಗೂ ಪಂಪುಗಳು ತಯಾರಾಗುತ್ತಿವೆ.

ಪಾಪಸುಕಳ್ಳಿಯೂ ನಾಗರಹಾವೂ ತುಂಬಿದ್ದ ಆ ಬಯಲಿಗೆ ಇಪ್ಪತ್ತೈದು ಮಂದಿ ಕೆಲಸಗಾರರು ಹೆಂಡಿರು ಮಕ್ಕಳೊಡನೆ ಬಂದು ನೆಲ ಹಸನು ಮಾಡಿದರು. ಅವರು ಏಕೆ ಬಂದರು? ಬರಿಯ ಕೂಲಿಗಾಗಿ ಯಾರೂ ಹಾವಿನ ಹುತ್ತದ ನೆರೆಯಲ್ಲಿ ಮಗುವನ್ನು ಮಲಗಿಸುವುದಿಲ್ಲ. ಇದು ತಮ್ಮ ಊರು ಆಗಲಿದೆ ಎಂಬ ಭರವಸೆಯೇ ಅವರನ್ನು ಅಲ್ಲಿ ನಿಲ್ಲಿಸಿತೆಂದು ನಾವು ತಿಳಿಯುತ್ತೇವೆ.

ಆ ಭರವಸೆ ಹುಟ್ಟಲು ಕಾರಣಗಳಿದ್ದುವು. ಲಕ್ಷ್ಮಣರಾಯರು ಮನುಷ್ಯನ ಪ್ರಮಾಣಪತ್ರವನ್ನು ನೋಡದೆ ಅವನ ಕೈಯನ್ನು ನೋಡಿದರು. ಓದಿನಲ್ಲಿ ಮನಸ್ಸು ನಿಲ್ಲದ ಅನಂತರಾವ್ ಫಳಣೀಕರ ಎಂಬ ತರುಣನು ಅಲ್ಲಿ ಹೊಸ ಹೊಸ ಕಲ್ಪನೆಗಳ ಇಂಜಿನಿಯರನಾದನು. ಜನರು ಪುಂಡರೆಂದು ಹೆದರುತ್ತಿದ್ದ ತುಕಾರಾಮ ರಾಮೋಶಿ, ಪಿರ್ಯಾ ಮಾಂಗ ಎಂಬಿಬ್ಬರು ಆ ಊರಿನ ನಂಬಿಕೆಯ ಕಾವಲುಗಾರರಾದರು. ಕಾವಲಿನ ಕೆಲಸವನ್ನೇ ಅವರಿಗೆ ಒಪ್ಪಿಸಿದುದನ್ನು ಗಮನಿಸಬೇಕು. ವಾಡಿಯಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಎಡೆ ಕೊಡಲಿಲ್ಲ. ಕಾರಖಾನೆಯ ಸುದ್ದಿಗಾಗಿ 1920ರಲ್ಲಿ ಹೊರಟ ‘ಕಿರ್ಲೋಸ್ಕರ ಖಬರ’ ಎಂಬ ಪತ್ರಿಕೆಯು ಶಂಕರರಾವ್ ಕಿರ್ಲೋಸ್ಕರರ ಸಂಪಾದಕತ್ವದಲ್ಲಿ ಮರಾಠಿಗರ ಮನೆಮನೆಯ ಮಾಸಪತ್ರಿಕೆಯಾಯಿತು. ಕಬ್ಬಿಣ ಕಾಯಿಸುವ ಊರಿನಲ್ಲಿ ವಿಚಾರವೂ ಬೆಳೆಯಿತು. ಬಡತಿ ತಪ್ಪಿಸಿಕೊಂಡ ಶಿಕ್ಷಕನು ತಾನು ಯಜಮಾನನಾದಾಗ ತನಗಾದ ನೋವನ್ನು ಮರೆಯಲಿಲ್ಲ ಎಂಬುದೇ ಇದರ ಸಾರವೆಂದು ನಮಗೆ ತೋರುತ್ತದೆ.

ಯಜಮಾನನು ಒಳ್ಳೆಯವನಾಗಿರದಿದ್ದರೆ ಏನು ಗತಿ ಎಂದು ನೀವು ಕೇಳಬಹುದು. ಯೋಗ್ಯವಾದ ಪ್ರಶ್ನೆ. ಒಬ್ಬರ ಔದಾರ್ಯವನ್ನೇ ನಂಬಿ ಸಾವಿರಾರು ಜನ ಬದುಕಬಾರದೆಂದೇ ಕಾಯಿದೆಗಳು ಬಂದುವು. 1948ರ ಕಾರಖಾನೆ ಕಾಯಿದೆಯು 250ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಉಪಾಹಾರಗೃಹವನ್ನು ಕಡ್ಡಾಯ ಮಾಡಲು ಸರಕಾರಕ್ಕೆ ಅಧಿಕಾರ ಕೊಟ್ಟಿತು. 1952ರ ಕಾಯಿದೆಯು ಭವಿಷ್ಯನಿಧಿಯನ್ನು ತಂದಿತು. ಇವು ಹಕ್ಕುಗಳು, ಯಾರ ದಯೆಯೂ ಅಲ್ಲ. ಆದರೆ ಊಟದ ಮನೆಯನ್ನು ಕಟ್ಟಿಸಬಲ್ಲ ಕಾಯಿದೆಯು “ಉಂಡೆಯೇನಪ್ಪ?” ಎಂದು ಕೇಳಿಸಲಾರದು. ಅದನ್ನು ಮನುಷ್ಯರೇ ಕೇಳಬೇಕು.

ಇನ್ನು ನಮ್ಮ ಮಾತಿಗೆ ಬರೋಣ. ‘ಏ ಕಾನಡಿ’ ಎಂದವರನ್ನು ಹಳಿದು ನಾವು ಮನೆಗೆ ಹೋಗಬಹುದು. ಆದರೆ ಇಲ್ಲಿ ಕುಳಿತಿರುವ ನಮ್ಮವರಲ್ಲಿ ಅಂಗಡಿಯುಳ್ಳವರೂ ತೋಟವುಳ್ಳವರೂ ಇದ್ದೀರಿ. ದೂರದ ಬಿಹಾರದಿಂದ ಬಂದು ಅರಿಸಿಣದ ಚೀಲ ಹೊರುವವನನ್ನು ನಾವು ‘ಏ ಭಯ್ಯಾ’ ಎಂದಲ್ಲದೆ ಬೇರೆ ಹೇಗೆ ಕರೆದಿದ್ದೇವೆ? ಅವನ ಊರು ಯಾವುದು, ಅವನಿಗೆಷ್ಟು ಮಕ್ಕಳು ಎಂದು ಕೇಳಿದ್ದೇವೆಯೇ? ನಮ್ಮ ತಪ್ಪನ್ನೂ ಹೇಳಿಬಿಡುತ್ತೇವೆ. ಆ ವಿದ್ಯಾರ್ಥಿ ಹೋದ ಮೇಲೆ ಅವನ ಹೆಸರನ್ನು ಎಷ್ಟು ನೆನೆದರೂ ನಮಗೆ ಹೊಳೆಯಲಿಲ್ಲ. ಹಳೆಯ ಹಾಜರಿ ಪುಸ್ತಕವನ್ನು ತೆರೆದು ನೋಡಬೇಕಾಯಿತು. ಮೂರು ವರ್ಷ ನಾವೂ ಅವನನ್ನು ‘ಹಿಂದಿನ ಬಾಕಿನ ಹುಡುಗ’ ಎಂದೇ ಕರೆದಿದ್ದೆವು.

ದುಡಿಯುವವರ ಕರ್ತವ್ಯವೂ ಇದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುತ್ತಿದ್ದ ಮಾರಯ್ಯನು ಒಂದು ದಿನ ಹೆಚ್ಚು ತಂದಾಗ, ಅವನ ಸತಿ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಲು ಹೇಳಿದಳೆಂಬ ಕಥೆಯನ್ನು ನೀವೆಲ್ಲ ಬಲ್ಲಿರಿ. ಕೆಲಸದ ಮರ್ಯಾದೆಯನ್ನು ಕಾಯುವವರಲ್ಲಿ ಕೆಲಸಗಾರನೂ ಒಬ್ಬ. ತರುಣರೇ, ಮರಾಠಿಯನ್ನು ಚೆನ್ನಾಗಿ ಕಲಿಯಿರಿ. ಅದರಿಂದ ಕನ್ನಡ ಕುಂದುವುದಿಲ್ಲ. ಹೋದ ಮೊದಲ ದಿನವೇ ನಿಮ್ಮ ಹೆಸರನ್ನು ನೀವೇ ಸ್ಪಷ್ಟವಾಗಿ ಹೇಳಿರಿ. ಪಕ್ಕದವನ ಹೆಸರನ್ನೂ ಕೇಳಿರಿ. ಹಾಗೂ ಅವಮಾನ ನಿಲ್ಲದಿದ್ದರೆ ಮನಸ್ಸಿನಲ್ಲಿಯೇ ನುಂಗಿ ಓಡಿಬರಬೇಡಿರಿ. ಮೇಲಿನವರ ಮುಂದೆ ನೇರವಾಗಿ ಹೇಳಿರಿ.

ಹಿರಿಯರಲ್ಲಿ ನಮ್ಮ ವಿನಂತಿ ಒಂದೇ. ನಾಳೆ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದಾಗ, ಮೊದಲು ಬಂದು ಕಸ ಗುಡಿಸುವವನನ್ನು ಅವನ ಹೆಸರು ಹಿಡಿದು ಕರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ನಾಚದೆ ಕೇಳಿರಿ. ನಾವೂ ನಮ್ಮ ತರಗತಿಯಲ್ಲಿ ಹಿಂದಿನ ಬಾಕಿನಿಂದಲೇ ಹಾಜರಿ ಕರೆಯಲು ಆರಂಭಿಸಿದ್ದೇವೆ.