ಠಾಣೆಯ ಪಟ್ಟಿಯಲ್ಲಿ ಹುಟ್ಟಿದವರು

ಕಾಗದದ ಮೇಲೊಂದು ಸಿಕ್ಕುಸಿಕ್ಕಾದ ಹಾದಿ. ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೊರಗೆ ಬರಬೇಕು. ಮಕ್ಕಳ ಪುರವಣಿಗಳಲ್ಲಿ ‘ದಾರಿ ತೋರಿಸಿ’ ಅಂತ ಬರುತ್ತದಲ್ಲ, ಅದೇ ಆಟ. 2000ದ ದಶಕದ ಆರಂಭದಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಾಡಿನ ಆರು, ಏಳನೇ ಕ್ಲಾಸಿನ ಹುಡುಗರಿಗೆ ಈ ಆಟ ಕೊಟ್ಟರು. ಬಿಡಿಸಿದ ಒಂದೊಂದಕ್ಕೂ ಒಂದು ರೂಪಾಯಿ. ಮೇಲ್ಜಾತಿಯವರು 321, ಕೆಳಜಾತಿಯವರು 321.

ಯಾರ ಜಾತಿ ಏನೆಂದು ಹೇಳದೆ ಕೂರಿಸಿದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಇನ್ನೊಂದು ತಂಡದಲ್ಲಿ, ಆಟಕ್ಕೆ ಮೊದಲು ಒಬ್ಬೊಬ್ಬರ ಹೆಸರು, ಅಪ್ಪನ ಹೆಸರು, ಜಾತಿ ಎಲ್ಲವನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿದರು. ಅಷ್ಟೇ. ಕೆಳಜಾತಿಯ ಹುಡುಗರು ಬಿಡಿಸಿದ ಲೆಕ್ಕ ಎದ್ದು ಕಾಣುವಷ್ಟು ಕೆಳಗಿಳಿಯಿತು.

ಇದನ್ನು ಕೇಳಿ ‘ಪಾಪ, ಆತ್ಮವಿಶ್ವಾಸ ಕುಗ್ಗಿತು’ ಅಂತ ಮುಗಿಸಿಬಿಡುವುದು ಸುಲಭ. ನನಗೆ ಆ ವಿವರಣೆ ಸಾಲದು. ಹಣೆಪಟ್ಟಿ ಹೊತ್ತವನ ತಲೆಯೊಳಗೆ ಏನಾಯಿತು ಎಂದು ಕೇಳುವ ನಾವು, ಹಣೆಪಟ್ಟಿ ಹಚ್ಚಿದವನು ಮರುದಿನದಿಂದ ಹೇಗೆ ನಡೆದುಕೊಂಡ ಎಂದು ಕೇಳುವುದೇ ಇಲ್ಲ. ಅದನ್ನು ನೋಡಲು ಪ್ರಯೋಗಶಾಲೆ ಬೇಡ. ನಮ್ಮ ದೇಶದಲ್ಲೇ ಒಂದು ಕಾನೂನಿತ್ತು.

1871, ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್. ಅಪರಾಧಿ ಬುಡಕಟ್ಟುಗಳ ಕಾಯ್ದೆ. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ. ಹಾಗೆಯೇ ಈ ದೇಶದಲ್ಲಿ ಕಳ್ಳತನವೇ ಕುಲಕಸುಬಾದವರೂ ಇರಬೇಕು ಎಂಬುದು ಅದರ ಹಿಂದಿನ ವಾದ. ಜಾತಿ ಪದ್ಧತಿಯನ್ನು ಬ್ರಿಟಿಷರು ಎಷ್ಟು ಅರ್ಥಮಾಡಿಕೊಂಡಿದ್ದರೋ ಬೇರೆ ಮಾತು, ಬಳಸಿಕೊಳ್ಳುವುದಂತೂ ಗೊತ್ತಿತ್ತು. ಸರ್ಕಾರ ಒಂದು ಸಮುದಾಯದ ಹೆಸರನ್ನು ಗೆಜೆಟ್ಟಿನಲ್ಲಿ ಹಾಕಿತೆಂದರೆ ಮುಗಿಯಿತು, ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದದ್ದು 1911ರ ತಿದ್ದುಪಡಿಯ ನಂತರ ಮದ್ರಾಸ್ ಪ್ರಾಂತ್ಯಕ್ಕೂ ಬಂತು, ಬೆರಳಚ್ಚು ಸಮೇತ.

ಪಟ್ಟಿಗೆ ಸೇರಿದವರು ಯಾರು? ಕೊರವರನ್ನೇ ನೋಡಿ. ಎತ್ತು, ಕತ್ತೆಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಮಾರುತ್ತಾ ಬರುತ್ತಿದ್ದವರು. ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಂತು, ವ್ಯಾಪಾರ ಬಿತ್ತು. ದಂಡಿಗೆ ಧಾನ್ಯ ಹೊತ್ತು ಸಾಗಿಸುತ್ತಿದ್ದ ಲಂಬಾಣಿಗರ ಕಥೆಯೂ ಹೆಚ್ಚುಕಡಿಮೆ ಇದೇ. ಕಸುಬು ಹೋದ ಮೇಲೂ ಅಲೆಯುತ್ತಿದ್ದರಲ್ಲ, ಆ ಅಲೆದಾಟವೇ ಅನುಮಾನಕ್ಕೆ ಸಾಕಾಯಿತು.

ಈಗ ಈ ಕಾನೂನು ಒಬ್ಬ ಮನುಷ್ಯನ ದಿನವನ್ನು ಏನು ಮಾಡಿತು ನೋಡೋಣ. ಹೊತ್ತುಹೊತ್ತಿಗೆ ಹಾಜರಿ. ಮಧುರೆ ಸೀಮೆಯ ಪಿರಮಲೈ ಕಳ್ಳರ್ ಸಮುದಾಯದ ಗಂಡಸರು ರಾತ್ರಿ ಠಾಣೆಯಲ್ಲೇ ಮಲಗಬೇಕಿತ್ತು. ರಾತ್ರಿ ಠಾಣೆಯಲ್ಲಿ ಮಲಗುವವನು ಹೊಲ ಕಾಯಲಾರ, ಸರದಿಯ ನೀರು ಹಾಯಿಸಲಾರ. ಪಕ್ಕದೂರಿನ ಸಂತೆಗೆ ಹೋಗಲೂ ಪಾಸು ಬೇಕು. ಇಂಥವನಿಗೆ ಯಾರು ಕೆಲಸ ಕೊಡುತ್ತಾರೆ? ಊರಲ್ಲಿ ಕಳವಾದರೆ ಪೊಲೀಸರು ಮೊದಲು ತೆರೆಯುವುದು ಹಾಜರಿ ಪುಸ್ತಕವನ್ನು. ಹಾಜರಿ ತಪ್ಪಿಸಿದ್ದೇ ಅಪರಾಧ, ಅದಕ್ಕೂ ಶಿಕ್ಷೆ. ಆ ಶಿಕ್ಷೆಯೂ ‘ಈ ಜನಾಂಗದಲ್ಲಿ ಅಪರಾಧ ಹೆಚ್ಚು’ ಎಂಬ ಲೆಕ್ಕಕ್ಕೇ ಜಮಾ. ಪಟ್ಟಿಗೆ ಬೇಕಾದ ಪುರಾವೆಯನ್ನು ಪಟ್ಟಿಯೇ ಹುಟ್ಟಿಸಿಕೊಳ್ಳುತ್ತಿತ್ತು. ಹೊಟ್ಟೆಪಾಡಿಗೆ ನಿಜವಾಗಿಯೂ ಕದ್ದವರಿರಲಿಲ್ಲವೇ? ಇದ್ದರು. ಬೇರೆ ಬಾಗಿಲುಗಳನ್ನೆಲ್ಲ ಮುಚ್ಚಿದವರು ಯಾರು ಎಂಬುದು ಮಾತ್ರ ದಾಖಲೆಗೆ ಹೋಗಲಿಲ್ಲ.

ಎಲ್ಲರೂ ತಲೆಬಾಗಿದರು ಅಂದುಕೊಳ್ಳಬೇಡಿ. 1920ರ ಏಪ್ರಿಲ್ 3ರಂದು ಅದೇ ಮಧುರೆ ಸೀಮೆಯ ಪೆರುಂಗಾಮನಲ್ಲೂರಿನಲ್ಲಿ ಜನ ಬೆರಳಚ್ಚು ಕೊಡಲು ಒಪ್ಪದೆ ತಿರುಗಿಬಿದ್ದರು. ಪೊಲೀಸರು ಗುಂಡು ಹಾರಿಸಿದರು. ಹದಿನೈದಕ್ಕೂ ಹೆಚ್ಚು ಮಂದಿ ಸತ್ತರು.

ಮುಂಬೈ ಪ್ರಾಂತ್ಯದಲ್ಲಿ ಇದು ಇನ್ನೊಂದು ರೂಪ ತಾಳಿತು. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ತಂತಿಬೇಲಿಯ ವಸಾಹತುಗಳನ್ನು ಕಟ್ಟಿ, ಗಂಟಿಚೋರರು, ಕೊರವರು ಮೊದಲಾದವರನ್ನು ಅಲ್ಲಿ ಇರಿಸಿದರು. ಉದ್ದೇಶ ‘ಸುಧಾರಣೆ’. ಸುಧಾರಣೆಯ ಜೊತೆಗೆ ಮಿಲ್ಲಿಗೆ, ರೈಲ್ವೆ ವರ್ಕ್‌ಶಾಪಿಗೆ ಕೂಲಿಗಳೂ ಸಿಕ್ಕರು, ಅದೂ ಬಿಟ್ಟು ಓಡಲಾಗದ ಕೂಲಿಗಳು. 1897ರ ತಿದ್ದುಪಡಿಯಂತೂ ಮಕ್ಕಳನ್ನು ಅಪ್ಪ-ಅಮ್ಮನಿಂದ ಬೇರ್ಪಡಿಸಿ ಇಡಲೂ ಅವಕಾಶ ಕೊಟ್ಟಿತ್ತು. ಹುಬ್ಬಳ್ಳಿಯಲ್ಲಿ ಆ ಜಾಗಕ್ಕೆ ಇವತ್ತಿಗೂ ಸೆಟ್ಲಮೆಂಟ್ ಅಂತಲೇ ಹೆಸರು. ಆಟೋದವರಿಗೆ ಅಷ್ಟು ಹೇಳಿದರೆ ಸಾಕು.

ಸ್ವಾತಂತ್ರ್ಯ ಬಂದಾಗ ಕಾಯ್ದೆ ಒಂದೇ ಏಟಿಗೆ ಹೋಗಲಿಲ್ಲ. ಮದ್ರಾಸು 1947ರಲ್ಲಿ, ಮುಂಬೈ 1949ರಲ್ಲಿ ರದ್ದು ಮಾಡಿದವು. ಇಡೀ ದೇಶದಲ್ಲಿ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ಪಟ್ಟಿಯಿಂದ ಬಿಡುಗಡೆಯಾದ ‘ವಿಮುಕ್ತ’ರು ಆ ದಿನವನ್ನು ಈಗಲೂ ಆಚರಿಸುತ್ತಾರೆ. ಆದರೆ ಅದರ ಜಾಗಕ್ಕೆ ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿ’ಗಳ ಕಾಯ್ದೆಗಳು ಬಂದವು; ನಮ್ಮ ಕರ್ನಾಟಕದ್ದು 1961ರದು. ಇಡೀ ಜನಾಂಗದ ಬದಲು ಒಬ್ಬೊಬ್ಬ ವ್ಯಕ್ತಿಯ ಹೆಸರು, ನಿಜ. ಠಾಣೆಯವರ ನೆನಪು ಮಾತ್ರ ಹಳೆಯದೇ. 1998ರಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ್ ಎಂಬ ಯುವಕ ಬಂಧನದಲ್ಲಿದ್ದಾಗಲೇ ಸತ್ತ. ಆ ಸಾವಿನ ಬೆನ್ನಲ್ಲೇ ಲೇಖಕರಾದ ಮಹಾಶ್ವೇತಾ ದೇವಿ, ಗಣೇಶ್ ದೇವಿ, ಲಕ್ಷ್ಮಣ ಗಾಯಕವಾಡ್ ವಿಮುಕ್ತರ ಹಕ್ಕಿಗಾಗಿ ಒಟ್ಟಾಗಿ ದನಿ ಎತ್ತಿದರು.

ಇನ್ನು ಜೈಲುಗಳು. ಅಲೆಮಾರಿ ಬುಡಕಟ್ಟಿನವರಿಗೆ ತಪ್ಪಿಸಿಕೊಂಡು ಓಡುವ ಸ್ವಭಾವವಿರುತ್ತದೆ, ಅವರನ್ನು ಮೇಲ್ವಿಚಾರಣೆಯ ಕೆಲಸಕ್ಕೆ ಹಾಕಬಾರದು ಎಂಬ ಅರ್ಥದ ನಿಯಮ ಪಶ್ಚಿಮ ಬಂಗಾಳದ ಜೈಲು ಕೈಪಿಡಿಯಲ್ಲಿ ಹಾಗೇ ಉಳಿದಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಸುಪ್ರೀಂ ಕೋರ್ಟಿಗೆ ಹೋದರು. ಇಂಥ ನಿಯಮಗಳು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಬಂದದ್ದು 2024ರ ಅಕ್ಟೋಬರ್ 3ರಂದು, ಕಾಯ್ದೆ ರದ್ದಾಗಿ 72 ವರ್ಷಗಳಾದ ಮೇಲೆ.