ಶಿಖರದ ಕರೆ, ಮನೆಯ ಉತ್ತರ

ಹವ್ಯಾಸಿ ರೇಡಿಯೋದವರಿಗೆ ‘ಸಮ್ಮಿಟ್ಸ್ ಆನ್ ದಿ ಏರ್’ ಎಂಬ ಚಟುವಟಿಕೆಯಿದೆ; 2002ರಲ್ಲಿ ಬ್ರಿಟನ್ನಿನಲ್ಲಿ ಶುರುವಾದದ್ದು. ರೇಡಿಯೋ, ಬ್ಯಾಟರಿ, ಆಂಟೆನಾ ಎಲ್ಲವನ್ನೂ ಬೆನ್ನಿಗೇರಿಸಿಕೊಂಡು ಬೆಟ್ಟ ಹತ್ತಬೇಕು. ತುದಿಯಿಂದ ಕನಿಷ್ಠ 4 ಮಂದಿಯೊಡನೆ ಸಂಪರ್ಕವಾದರೆ ಮಾತ್ರ ಅಂಕ.

2020ರ ಲಾಕ್‌ಡೌನ್ ಇವರನ್ನೂ ಮನೆಯಲ್ಲಿ ಕೂರಿಸಿತು. ವೇಲ್ಸ್‌ನಲ್ಲಂತೂ ಜೂನ್ ತಿಂಗಳಿಡೀ ಸುಮಾರು 5 ಮೈಲಿಯೊಳಗೇ ಓಡಾಟ. ಅಲ್ಲಿನ 1,085 ಮೀಟರ್ ಎತ್ತರದ ಸ್ನೋಡನ್ ಶಿಖರ ಅನೇಕರಿಗೆ ನಕ್ಷೆಯ ಮೇಲಿನ ಕನಸಾಯಿತು. ಜುಲೈ 6ಕ್ಕೆ ಆ ನಿರ್ಬಂಧ ತೆರವಾಯಿತು.

ಈ ಚಟುವಟಿಕೆಯಲ್ಲಿ ನನಗೆ ಬಹಳ ಪ್ರಿಯವಾದುದು ಇದು: ಶಿಖರದ ಮೇಲೆ ನಿಂತವರ ಕರೆಗೆ ಇನ್ಯಾರೋ ಓಗೊಡಲೇಬೇಕು. ಹಾಗೆ ಉತ್ತರಿಸುವವರನ್ನು ಚೇಸರ್ ಎನ್ನುತ್ತಾರೆ. ಅವರಿಗೂ ಅಂಕವುಂಟು. ಮಂಡಿನೋವಿನಿಂದ ಮೆಟ್ಟಿಲೂ ಹತ್ತಲಾಗದ ಹಿರಿಯರು ಮನೆಯಲ್ಲೇ ಕೂತು ಆ ಏರುವಿಕೆಯಲ್ಲಿ ಪಾಲುದಾರರಾಗಬಹುದು.